ಮಡಕೆಯೊಳಗಿನ ಜಾಜ್ಜ

ಲುಸ್ವಾತಾ ಮಾಸ್ತರರು ಕಂಪ್ಯೂಟರನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸುತ್ತಿದ್ದರು. ಮೊದಲು ಒಂದು ದೊಡ್ಡ ಚೌಕ, ಅದರ ಕೆಳಗೊಂದು ಅಗಲವಾದ ಮಣೆ, ಪಕ್ಕದಲ್ಲಿ ಬಾಲವಿರುವ ಇಲಿ. ನಿಜವಾದ ಕಂಪ್ಯೂಟರುಗಳು ಪಕ್ಕದ ಕೋಣೆಯಲ್ಲೇ ಇದ್ದವು. ಮಸಾಕಾ ಪಟ್ಟಣದ ಆಚೆಗಿನ ಗುಡ್ಡದ ಮೇಲಿದ್ದ ಆ ಶಿಕ್ಷಕರ ತರಬೇತಿ ಕಾಲೇಜಿಗೆ ಯಾರೋ ಪುಣ್ಯಾತ್ಮರು ಅವನ್ನು ದಾನವಾಗಿ ಕೊಟ್ಟಿದ್ದರು. ಅವಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಮಾಸ್ತರರು ಸೊಂಟಕ್ಕೆ ತೂಗಿಬಿಟ್ಟುಕೊಂಡಿದ್ದರು. ವಿದ್ಯಾರ್ಥಿಗಳನ್ನು ಒಳಗೆ ಬಿಡುವ ಅಪರೂಪದ ದಿನ ಚಪ್ಪಲಿ ಕಳಚಬೇಕಿತ್ತು, ಕೈ ತೊಳೆಯಬೇಕಿತ್ತು, ಏನನ್ನೂ ಮುಟ್ಟದೆ ಹೊರಗೆ ಬರಬೇಕಿತ್ತು.

"ಮುಟ್ಟದೆ ಕಲಿಯೋದು ಹೇಗೆ, ಸ್ಸೆಬೋ?" ಎಂದು ಒಂದು ದಿನ ಹಿಂದಿನ ಬೆಂಚಿನಿಂದ ನಬ್ಬೋಸಾ ಕೇಳಿದಳು. ಆ ಸೀಮೆಯಲ್ಲಿ ಹಿರಿಯ ಗಂಡಸರನ್ನು ಸ್ಸೆಬೋ ಎಂದೇ ಮಾತನಾಡಿಸಬೇಕು. ನಬ್ಬೋಸಾ ಮಾತ್ರ ಆ ಮಾತನ್ನು ಬಾಯಲ್ಲಿ ಹುಳಿಹಣ್ಣು ಇಟ್ಟುಕೊಂಡವಳ ಹಾಗೆ ಹೇಳುತ್ತಿದ್ದಳು.

"ನೋಡಿ ಕಲೀಬೇಕು" ಎಂದರು ಮಾಸ್ತರರು. "ಮುಟ್ಟಿ ಮುಟ್ಟಿ ನೋಡೋಕೆ ಇದೇನು ನಿಮ್ಮಮ್ಮ ಸುಡೋ ಬಾಳೆಕಾಯಾ?"

ತರಗತಿಯೆಲ್ಲ ನಕ್ಕಿತು. ನಬ್ಬೋಸಾಳ ತಾಯಿ ಲುಕಾಯಾದ ಹೆದ್ದಾರಿಯಲ್ಲಿ ಕೆಂಡದ ಮೇಲೆ ಗೊಂಜಾ ಬಾಳೆ ಸುಟ್ಟು ಮಾರುವವಳೆಂಬುದು ಎಲ್ಲರಿಗೂ ತಿಳಿದಿತ್ತು. ನಬ್ಬೋಸಾ ಕೂಡ ಹಲ್ಲು ಬಿದ್ದು ಹುಟ್ಟುವ ವಯಸ್ಸಿನಿಂದ ಮಾರಾಟಗಾರರ ನೀಲಿ ಕೋಟು ತೊಟ್ಟು ಬಸ್ಸುಗಳ ಹಿಂದೆ ಓಡಿದವಳೇ. ಕಿಟಕಿಯ ಕೆಳಗೆ ನಿಂತು ಕೂಗುವುದು, ಕೂಗಿ ಸುಮ್ಮನಾಗುವುದು, ಒಳಗಿನ ಮುಖ ಬೇಕು ಬೇಡ ಎಂದು ತೀರ್ಮಾನಿಸುವವರೆಗೆ ಬಾಳೆ ಸಿಕ್ಕಿಸಿದ ಕಡ್ಡಿ ಹಿಡಿದ ಕೈಯನ್ನು ಎತ್ತಿಯೇ ಇರುವುದು, ಇವೆಲ್ಲ ಅವಳಿಗೆ ಅಕ್ಷರಕ್ಕಿಂತ ಮೊದಲೇ ಬಂದಿದ್ದವು. ಆ ಕೋಟು ಅವಳಿಗೆ ಸಾಕಾಗಿತ್ತು. ಮೇಷ್ಟ್ರಾಗಬೇಕೆಂದು ಅವಳು ಕಾಲೇಜು ಸೇರಿದ್ದು ಅದನ್ನು ಮತ್ತೆ ತೊಡಬಾರದೆಂದೇ.

ಲುಸ್ವಾತಾರಿಗೆ ಅವಳೆಂದರೆ ತಾತ್ಸಾರ. ಅವಳಿಗೆ ಅವರೆಂದರೆ ಅದರ ಎರಡರಷ್ಟು.

ಆ ವರ್ಷ ಮಾಸ್ತರರು ರಾಜಧಾನಿ ಕಂಪಾಲಾದ ಯಾವುದೋ ಶಿಬಿರಕ್ಕೆ ಹೋಗಿ, ಬರುವಾಗ ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರೊಂದನ್ನೂ 'ಪಾಠದಲ್ಲಿ ತಂತ್ರಜ್ಞಾನವನ್ನು ಬೆರೆಸುವುದು' ಎಂಬ ಮಾತೊಂದನ್ನೂ ತಂದರು. ಬೆರೆಸುವುದು ಎನ್ನುವಾಗ ಅವರ ಕೈ ಗಂಜಿ ತಿರುವಿದ ಹಾಗೆ ಗಾಳಿಯಲ್ಲಿ ಸುತ್ತುತ್ತಿತ್ತು. ಅಂದಿನಿಂದ ಅವರು ತರಗತಿಗೆ ಬೆನ್ನು ಮಾಡಿ ನಿಂತು, ಗೋಡೆಯ ಮೇಲಿನ ಇರುವೆಸಾಲಿನಂಥ ಅಕ್ಷರಗಳನ್ನು ತಾವೇ ಓದಿಕೊಂಡು ಹೋಗತೊಡಗಿದರು. ಯಾರಾದರೂ ಕೈ ಎತ್ತಿದರೆ ಕಾಣುವುದಕ್ಕೆ ಬೆನ್ನಿಗೆ ಕಣ್ಣಿಲ್ಲವಲ್ಲ. ಪಾಠ ಮುಗಿದಾಗ ಹುಡುಗಿಯರು ಲಂಗದ ಧೂಳು ಕೊಡವಿಕೊಂಡು ಎದ್ದು ಹೋಗುತ್ತಿದ್ದರು.

ನಬ್ಬೋಸಾಳನ್ನು ಪಾಠದ ಅಭ್ಯಾಸಕ್ಕೆಂದು ಕ್ಯಾಬಿರಿ ಎಂಬ ಹಳ್ಳಿಯ ಶಾಲೆಗೆ, ಎರಡನೆಯ ತರಗತಿಗೆ ಹಾಕಿದರು. ಪಾಠ, ನಮ್ಮ ಮನೆಯ ಗಿಡಗಳು. ಚಿತ್ರಗಳನ್ನು ಮಾಸ್ತರರೇ ಕೊಟ್ಟಿದ್ದರು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ ಗೋಡೆಯ ಮೇಲೆ ಬಾಳೆಗಿಡವೊಂದನ್ನು ಬಿಟ್ಟಾಯಿತು. ಅದು ಯಾವ ದೇಶದ ಬಾಳೆಯೋ, ಗೊನೆಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿತ್ತು.

"ಟೀಚರ್, ಇದಕ್ಯಾಕೆ ಗೌನು ಹಾಕಿದ್ದಾರೆ?" ಎಂದು ನಕಾತೋ ಎಂಬ ಹುಡುಗಿ ಕೇಳಿದಳು. ಕೇಳಿ, ಕಂಬಳಿಯ ಮೂಲೆ ಎತ್ತಿ ಹೊರಗೆ ಇಣುಕಿದಳು. ಕಿಟಕಿಗೆ ಎಲೆ ತಾಕುವಷ್ಟು ಹತ್ತಿರದಲ್ಲಿ ಬಾಳೆತೋಟ. "ನಮ್ಮವು ಬರೀ ಮೈಲೇ ನಿಂತಿವೆ!"

ನಬ್ಬೋಸಾಳಿಗೆ ನಗು ತಡೆಯಲಿಲ್ಲ. ಕಂಬಳಿ ಕಿತ್ತೆಸೆದು ಮಕ್ಕಳನ್ನೆಲ್ಲ ತೋಟಕ್ಕೆ ಕರೆದುಕೊಂಡು ಹೋದಳು. ಯಂತ್ರ ಖಾಲಿ ಕೋಣೆಯಲ್ಲಿ ಗೌನು ತೊಟ್ಟ ಗೊನೆಯನ್ನು ತೋರಿಸುತ್ತ ಉಳಿಯಿತು. ಪಕ್ಕದಲ್ಲಿ, ಅವಳ ಪಾಠ ನೋಡಿ ಅಂಕ ಹಾಕಲು ಬಂದಿದ್ದ ಲುಸ್ವಾತಾ ಮಾಸ್ತರರು.

ಅವರು ಅವಳನ್ನು ಫೇಲು ಮಾಡಿದರು. "ಇನ್ನೊಂದೇ ಅವಕಾಶ. ಅವಧಿ ಮುಗಿಯೋ ಹೊತ್ತಿಗೆ ಬರ್ತೀನಿ. ಪಾಠದಲ್ಲಿ ಯಂತ್ರ ಇರಲೇಬೇಕು. ಇಲ್ದಿದ್ರೆ ಸರ್ಟಿಫಿಕೇಟಿನ ಆಸೆ ಬಿಟ್ಟು ನಿಮ್ಮಮ್ಮನ ಒಲೆ ಊದೋಕೆ ಹೋಗು."

ಅವಳು ಬಹಳ ಹೊತ್ತು ಹಲ್ಲು ಕಡಿದಳು. ಆಮೇಲೆ ಯೋಚಿಸಿದಳು. ಯಂತ್ರ ಇರಬೇಕು ಎಂದಿದ್ದರೇ ಹೊರತು ಯಾವ ಯಂತ್ರ ಎಂದು ಹೇಳಿರಲಿಲ್ಲ. ಅವಳ ಹತ್ತಿರ ಗಾಜು ಬಿರಿದ ಒಂದು ಫೋನಿತ್ತು, ಅದಕ್ಕೆ ಧ್ವನಿ ಹಿಡಿದಿಡಲು ಬರುತ್ತಿತ್ತು.

ಕ್ಯಾಬಿರಿಯಲ್ಲಿ ಅವಳು ಬಾಡಿಗೆಗಿದ್ದದ್ದು ನಮಂದಾ ಎಂಬ ಮುದುಕಿಯ ಹಿತ್ತಲ ಕೋಣೆಯಲ್ಲಿ. ಊರಿಗೆಲ್ಲ ಆಕೆ ಜಾಜ್ಜ, ಅಂದರೆ ಅಜ್ಜಿ. ಒಗಟು ಹೇಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಅಲ್ಲಿ ಒಗಟಿಗೊಂದು ಕ್ರಮವಿದೆ. ಹೇಳುವವರು "ಕೋಯಿ ಕೋಯಿ" ಎನ್ನಬೇಕು, ಕೂತವರು "ಲ್ಯಾ" ಎನ್ನಬೇಕು, ಆಮೇಲೆ ಒಗಟು. ಬಿಡಿಸಲಾಗದಿದ್ದರೆ ಸೋತವರು ಹೇಳಿದವರಿಗೆ ಒಂದು ಊರನ್ನು ಕೊಡಬೇಕು. ಬಾಯಿಮಾತಿಗೆ ಆ ಊರಿನ ಒಡೆತನ ಕೈಗೆ ಬಂದ ಮೇಲೇ ಉತ್ತರ. ಎರಡನೆಯ ತರಗತಿಯ ಭಾಷಾಪಾಠಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ?

ನಬ್ಬೋಸಾ ಫೋನನ್ನು ಜಾಜ್ಜಳ ಮುಂದೆ ಹಿಡಿದಳು. ಜಾಜ್ಜ ಮಕ್ಕಳ ಕ್ಷೇಮ ವಿಚಾರಿಸಿ, ಒಗಟುಗಳನ್ನೂ ಅವುಗಳ ಉತ್ತರಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮಾರನೆಯ ದಿನ ನಬ್ಬೋಸಾ ಫೋನನ್ನು ಬಾಯಗಲದ ಮಣ್ಣಿನ ಮಡಕೆಯೊಳಗೆ ಇಳಿಬಿಟ್ಟಳು. ಸಣ್ಣ ಧ್ವನಿ ಕೋಣೆ ತುಂಬುವಷ್ಟು ದೊಡ್ಡದಾಯಿತು.

"ರಾತ್ರಿ ಹೇಗೆ ಕಳೀತು, ಮಕ್ಕಳೇ?"

ಹಿರಿಯಳ ಧ್ವನಿ ಕೇಳಿದ್ದೇ ತಡ, ಹುಡುಗಿಯರೆಲ್ಲ ರೂಢಿಯಂತೆ ಮೊಣಕಾಲೂರಿದರು. "ಚೆನ್ನಾಗಿ ಕಳೀತು ಜಾಜ್ಜ, ನಿಮ್ಮದು..." ಎನ್ನುವಷ್ಟರಲ್ಲಿ ಜಾಜ್ಜ ಮನೆಯವರ ಕ್ಷೇಮಕ್ಕೆ ಹೋಗಿಯಾಗಿತ್ತು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ "ಕೋಯಿ ಕೋಯಿ" ದಾಟಿ ಒಗಟಿಗೆ ಬಂದಿದ್ದಳು. "ಲ್ಯಾ" ಎಂದು ಇವರು ಕೂಗುವಾಗ ಅತ್ತ ಉತ್ತರವೂ ಬಿದ್ದುಹೋಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಟೀಚರ್, ಆ ಜಾಜ್ಜಂಗೆ ಕಿವಿ ಕೇಳ್ಸಲ್ವಾ?" ಎಂದು ಒಬ್ಬ ಕೇಳಿದ.

"ಕೇಳ್ಸತ್ತೆ ಕಣೋ. ಅವಳಿಗೆ ನಾವು ಬೇಡ, ಅಷ್ಟೇ" ಎಂದಳು ನಕಾತೋ. "ಊರೇ ತಗೊಳ್ದೆ ಉತ್ತರ ಬಿಸಾಕಿದ್ಳಲ್ಲ! ಎಂಥ ಮರ್ಯಾದೆ ಇಲ್ಲದ ಮುದುಕಿ!"

ಹುಡುಗಿಯರು ಮೊಣಕಾಲಿನ ಮಣ್ಣು ಒರೆಸಿಕೊಂಡು ಎದ್ದುಬಿಟ್ಟರು. ಆ ಒರೆಸಿಕೊಳ್ಳುವುದರಲ್ಲಿದ್ದ ತಾತ್ಸಾರ ನಬ್ಬೋಸಾಳಿಗೆ ಚೆನ್ನಾಗಿ ಪರಿಚಿತವಾದದ್ದು. ಲುಸ್ವಾತಾರ ತರಗತಿಯಿಂದ ಅವಳು ಎದ್ದು ಬರುತ್ತಿದ್ದದ್ದು ಹಾಗೆಯೇ. ಯಾರನ್ನು ಅಷ್ಟು ದಿನ ಹೀಗಳೆದಿದ್ದಳೋ ಅವರ ಬೆನ್ನನ್ನೇ ತಾನು ಮಡಕೆಯಲ್ಲಿಟ್ಟು ತಂದಿದ್ದೆನಲ್ಲ ಎಂದು ಅವಳ ಕಿವಿ ಬಿಸಿಯಾಯಿತು.

ಸಂಜೆ ವಿಷಯ ತಿಳಿದು ಜಾಜ್ಜ ಸಿಡಿದಳು. "ನನ್ನನ್ನ ಮರ್ಯಾದೆ ಇಲ್ಲದೋಳು ಅಂದ್ರಾ? ನನ್ನನ್ನ! ಆ ನಕಾತೋಳ ಅಜ್ಜಿ ಮದುವೇಲಿ ನಾನು ಒಗಟು ಹೇಳ್ದಾಗ ಮೂರು ಹಳ್ಳಿ ನನ್ನ ಹೆಸರಿಗಾಗಿದ್ವು!"

"ತಪ್ಪು ನಂದೇ ಜಾಜ್ಜ. ಮಕ್ಕಳು ಮಾತಾಡೋಕೆ ಜಾಗ ಬಿಡದೆ ನಿಮ್ಮ ಧ್ವನಿ ಹಿಡಿದುಬಿಟ್ಟೆ. ಇನ್ನೊಂದ್ಸಲ ಹೇಳಿ. ಒಂದೊಂದು ಪ್ರಶ್ನೆ ಕೇಳಿದ ಮೇಲೂ ಸ್ವಲ್ಪ ನಿಲ್ಲಿಸಿ."

"ಎದುರಿಗೆ ಯಾರೂ ಇಲ್ಲದೆ ಯಾರಿಗೇಂತ ಕಾಯ್ಲಿ?"

ನಬ್ಬೋಸಾ ಆಕೆಯ ಮುಂದೆ ತಾನೇ ಮೊಣಕಾಲೂರಿದಳು. ಪ್ರತಿಯೊಂದು ಪ್ರಶ್ನೆಗೂ ಇಡೀ ತರಗತಿಯ ಉತ್ತರವನ್ನು ಶಬ್ದವಿಲ್ಲದೆ ತುಟಿಯಲ್ಲೇ ಆಡಿದಳು. ಆಡಿ ಮುಗಿದ ಮೇಲೂ, ಬಸ್ಸಿನ ಕಿಟಕಿಯ ಕೆಳಗೆ ನಿಂತಂತೆ, ಕೈಯನ್ನು ಎತ್ತಿ ಹಿಡಿದೇ ಇರುತ್ತಿದ್ದಳು. ನಿಧಾನದ ಮಕ್ಕಳೂ ಇರುತ್ತಾರಲ್ಲ. ಕೈ ಇಳಿದ ಮೇಲೆ ಜಾಜ್ಜ ಮುಂದಕ್ಕೆ.

"ಮೀನಿನ ಹಾಗೆ ಬಾಯಿ ಆಡಿಸ್ಬೇಡ ಕಣೇ, ನಗು ಬರುತ್ತೆ" ಎಂದು ಬೈದ ಜಾಜ್ಜ, ಊರು ಕೇಳುವ ಜಾಗಕ್ಕೆ ಬಂದಾಗ ನಿಂತೇಬಿಟ್ಟಳು. "ಅವು ಯಾವ ಊರು ಕೊಡ್ತಾವೋ! ತಿಳೀದೆ ನಾನೇನು ಹೇಳ್ಲಿ?"

"ನೀವು ಯಾವತ್ತಾದ್ರೂ ಮೊದಲನೇ ಊರು ಒಪ್ಕೊಂಡಿದ್ದುಂಟಾ?"

"ಥೂ! ಮೊದಲನೇದನ್ನ ಬೈದು ಬಿಸಾಕ್ಬೇಕು, ಎರಡನೇದನ್ನ ಬಾಚ್ಕೋಬೇಕು."

"ಹಾಗಾದ್ರೆ ಊರಿನ ಹೆಸರು ಎತ್ತದೇನೇ ಬೈದುಬಿಡಿ."

ಜಾಜ್ಜ ಮನಸಾರೆ ಬೈದಳು.

ಪರೀಕ್ಷೆಯ ದಿನ ಲುಸ್ವಾತಾ ಮಾಸ್ತರರು ಪ್ರೊಜೆಕ್ಟರನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ಬಾಡಿಗೆಯ ಮೋಟಾರ್ ಸೈಕಲಿನ ಹಿಂದೆ ಕೂತು ಬಂದಿಳಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯೂ ನೋಡಲೆಂದು ಬಾಗಿಲಲ್ಲಿ ಬಂದು ನಿಂತರು.

"ಎಲ್ಲಿ ನಿನ್ನ ಚಿತ್ರಗಳು?" ಎಂದರು ಮಾಸ್ತರರು.

"ಚಿತ್ರ ಇಲ್ಲ ಸ್ಸೆಬೋ. ಮಡಕೆ ಇದೆ."

"ಮಡಕೆ!" ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿ ಅವರು ಹುಬ್ಬೇರಿಸಿದರು. "ಲುಕಾಯಾದೋರು. ಒಲೆ ತರಲಿಲ್ವಲ್ಲ, ಅದೇ ದೊಡ್ಡದು." ಹಿಂದಿನ ಪುಟ್ಟ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಪೆನ್ನು ತೆಗೆದರು.

"ರಾತ್ರಿ ಹೇಗೆ ಕಳೀತು, ಮಕ್ಕಳೇ?" ಎಂದಿತು ಮಡಕೆ.

ಯಾರೂ ಮೊಣಕಾಲೂರಲಿಲ್ಲ. ಮೊದಲಿನ ಅವಮಾನ ಮಕ್ಕಳಿಗೆ ಮರೆತಿರಲಿಲ್ಲ. ನಕಾತೋ ಕೈಕಟ್ಟಿ, ಮೂಗು ಸಿಂಡರಿಸಿ ನಿಂತಿದ್ದಳು. ಹಿಂದಿನಿಂದ ಪೆನ್ನು ಗೀಚುವ ಸದ್ದು. ಅಷ್ಟರಲ್ಲಿ ಮಡಕೆಯೊಳಗಿಂದ ಒಂದು ಸಣ್ಣ ಕೆಮ್ಮು ಬಂತು. ಅಂದು ಧ್ವನಿ ಹಿಡಿಯುವಾಗ ಕಾದು ಕಾದು ಬೇಸರವಾಗಿ ಜಾಜ್ಜ ಕೆಮ್ಮಿದ್ದಳು, ನಬ್ಬೋಸಾ ಅದನ್ನು ಗಮನಿಸಿಯೇ ಇರಲಿಲ್ಲ.

"ಕಾಯ್ತಿದ್ದಾಳೆ ಕಣ್ರೋ" ಎಂದು ನಕಾತೋ ಪಿಸುಗುಟ್ಟಿ ದೊಪ್ಪನೆ ಮೊಣಕಾಲೂರಿದಳು.

"ಮನೇಲಿ ಎಲ್ರೂ ಹೇಗಿದ್ದಾರೆ?"

"ಎಲ್ರೂ ಇದ್ದಾರೆ ಜಾಜ್ಜ!" ಎಂದಿತು ಇಡೀ ತರಗತಿ. ಜಾಜ್ಜ ಕೊನೆಯ ಮಗುವಿನ ಮಾತು ಮುಗಿಯುವವರೆಗೆ ತಡೆದು "ಹ್ಞೂಂ" ಎಂದಳು. ಮಕ್ಕಳೂ "ಹ್ಞೂಂ" ಎಂದರು.

"ಕೋಯಿ ಕೋಯಿ!"

"ಲ್ಯಾ!"

"ಬಾಗಿಲು ಹಾಕಿದ್ರೂ ದಿನಾ ಮನೆಯೊಳಗೆ ಬರ್ತಾನೆ. ಕೂರು ಅಂದ್ರೆ ಕೂರಲ್ಲ, ಹಿಡೀತೀನಿ ಅಂದ್ರೆ ಸಿಕ್ಕಲ್ಲ. ಯಾರವನು?"

ಗಾಳಿ ಎಂದರು, ಹೊಗೆ ಎಂದರು, ಪಕ್ಕದ ಮನೆಯ ಕೋಳಿ ಎಂದರು.

"ಬರಲಿಲ್ವಾ? ಬರಲ್ಲ ಅಂತ ಗೊತ್ತಿತ್ತು. ಊರು ಕೊಡಿ!"

ನಕಾತೋ ಹಿಂದೆ ಕೂತಿದ್ದ ಸಾಹೇಬರನ್ನೊಮ್ಮೆ ನೋಡಿದಳು. ಅವರು ಗುಡ್ಡದಾಚೆಯ ಕಿತೆಂಗಾದವರೆಂದು ಎಲ್ಲರಿಗೂ ಗೊತ್ತು. "ಕಿತೆಂಗಾ ತಗೊಳ್ಳಿ ಜಾಜ್ಜ!" ಎಂದು ಕೂಗಿದಳು. ತರಗತಿಯೂ ದನಿಗೂಡಿಸಿತು. "ಕಿತೆಂಗಾ!"

"ಅಯ್ಯಯ್ಯೋ, ಆ ಊರಾ?" ಎಂದಿತು ಮಡಕೆ. "ಅಲ್ಲಿಯ ಬಾಳೆಕಾಯಿ ದಿನವಿಡೀ ಬೇಯಿಸಿದ್ರೂ ಬೇಯಲ್ಲ. ಗಂಡಸ್ರೋ, ಕೂತಲ್ಲೇ ಕೂತಿರ್ತಾರೆ, ಬಾಯಿ ಒಂದು ಮಾತ್ರ ಪೇಟೆಗೆ ಹೋಗಿ ಬರುತ್ತೆ. ನನಗೆ ಬೇಡಪ್ಪ!"

ಲುಸ್ವಾತಾ ಮಾಸ್ತರರು ಬೆಂಚು ಉರುಳುವಂತೆ ಎದ್ದು ನಿಂತರು. "ಏನಂದ್ರಿ? ಕಿತೆಂಗಾದ ಬಾಳೆ ಬೇಯಲ್ವಾ? ನಮ್ಮಮ್ಮನ ತೋಟಕ್ಕೆ ಬಂದು ಒಂದ್ಸಲ ತಿಂದು ನೋಡಿ ಜಾಜ್ಜ, ಆಮೇಲೆ ಮಾತಾಡಿ!"

ಮಡಕೆ ಮರ್ಯಾದೆಯಿಂದ ಕೇಳಿಸಿಕೊಂಡಿತು. ಜಾಜ್ಜ ಅಲ್ಲಿ ದೊಡ್ಡ ಜಾಗವನ್ನೇ ಬಿಟ್ಟಿದ್ದಳು. ಮಾಸ್ತರರ ಮಾತು ಮುಗಿದ ಮೇಲೆ ನಿಧಾನವಾಗಿ, "ಆಯ್ತು ಆಯ್ತು, ಜಗಳ ಬೇಡ. ಬೇರೆ ಕೊಡಿ" ಎಂದಳು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಖ್ಯೋಪಾಧ್ಯಾಯಿನಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ತಾವು ಮಡಕೆಯೊಡನೆ ವಾದಕ್ಕೆ ನಿಂತಿರುವುದು ಆಗ ಮಾಸ್ತರರ ಅರಿವಿಗೆ ಬಂತು. ಬೆಂಚನ್ನು ನೆಟ್ಟಗೆ ಮಾಡಿ ಕೂತರು. ಮಕ್ಕಳು ಲುಕಾಯಾ ಕೊಟ್ಟರು, ಜಾಜ್ಜ ಬಾಚಿಕೊಂಡಳು, ಉತ್ತರ ಹೇಳಿದಳು: ಗೋಡೆಯ ಬಿರುಕಿನಿಂದ ಬರುವ ಬಿಸಿಲು.

ಯಂತ್ರಕ್ಕೆ ಎದ್ದು ನಿಂತು ಉತ್ತರ ಕೊಟ್ಟವರು, ಪಾಠದಲ್ಲಿ ಯಂತ್ರವಿರಲಿಲ್ಲ ಎಂದು ಬರೆಯುವುದು ಹೇಗೆ? ಅದೂ ಮುಖ್ಯೋಪಾಧ್ಯಾಯಿನಿಯ ಕಣ್ಣೆದುರು? ಅವರು ನಬ್ಬೋಸಾಳನ್ನು ಪಾಸು ಮಾಡಿದರು, ಅರ್ಧ ಅಂಕಕ್ಕೂ ಲೆಕ್ಕ ಹಾಕುವ ಜಿಪುಣತನದಿಂದ. ಕೆಳಗೆ 'ಚಿತ್ರಗಳಿಲ್ಲ' ಎಂದು ಷರಾ ಬರೆದರು. ಇನ್ನು ಬೇಡವಾದ ಅವಳ ನೀಲಿ ಕೋಟನ್ನು ತಾಯಿ ಒಲೆಯ ಬಿಸಿ ಬಾಣಲೆ ಹಿಡಿಯುವುದಕ್ಕೆಂದು ಹರಿದು ಮಸಿಬಟ್ಟೆ ಮಾಡಿದಳು.

ಮರುವರ್ಷ ನಬ್ಬೋಸಾ ಕ್ಯಾಬಿರಿಯಲ್ಲೇ ಟೀಚರಾಗಿದ್ದಾಗ ಕಾಲೇಜಿನಿಂದ ಕರೆ ಬಂತು. ಲುಸ್ವಾತಾ ಮಾಸ್ತರರು ಸುತ್ತಲಿನ ಶಿಕ್ಷಕರಿಗೆಲ್ಲ ಶಿಬಿರ ನಡೆಸುತ್ತಿದ್ದರು. 'ಮಡಕೆ ವಿಧಾನ' ಎಂದು ಅದಕ್ಕೆ ಹೆಸರಿಟ್ಟು, ಅದನ್ನು ತಾವೇ ಕಂಡುಹಿಡಿದದ್ದೆಂದು ಹೇಳಿಕೊಂಡಿದ್ದರು. ಜಾಜ್ಜಳ ಧ್ವನಿಯನ್ನು ಮೊದಲೇ ತರಿಸಿಕೊಂಡಿದ್ದರು. ಕಳಿಸುವಾಗ ನಬ್ಬೋಸಾ ಮರುಮಾತಾಡಿರಲಿಲ್ಲ. ಮಕ್ಕಳಿಗೆ ಉಪಯೋಗವಾದರೆ ಯಾರ ಹೆಸರಾದರೇನು ಎಂದುಕೊಂಡಿದ್ದಳು.

"ಮೂಲದಲ್ಲಿ ಖಾಲಿ ಜಾಗ ಬಹಳ ಇತ್ತು" ಎಂದರು ಮಾಸ್ತರರು ಸಭೆಗೆ ಬೆನ್ನು ಮಾಡಿ. "ಏನೂ ಕೇಳಿಸ್ತಾನೇ ಇರಲಿಲ್ಲ. ಎಲ್ಲ ಕತ್ತರಿಸಿ ತೆಗೆದೆ. ಅರ್ಧಕ್ಕರ್ಧ ಸಮಯ ಉಳಿಯಿತು."

ಗುಂಡಿ ಒತ್ತಿದರು. ಹೊಚ್ಚಹೊಸ ಮಡಕೆಯಿಂದ ಜಾಜ್ಜ ಕ್ಷೇಮ ಕೇಳಿದಳು. ಸಭೆಯಲ್ಲಿ ನೆರೆದಿದ್ದ ಶಿಕ್ಷಕರೆಲ್ಲ ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಜಾಜ್ಜ ಮನೆಯವರನ್ನೂ ದಾಟಿ, ಕೋಯಿ ಕೋಯಿಯನ್ನೂ ದಾಟಿ, ಯಾವ ಊರನ್ನೂ ತೆಗೆದುಕೊಳ್ಳದೆ ಬಿಸಿಲೆಂಬ ಉತ್ತರಕ್ಕೇ ಬಂದು ನಿಂತಿದ್ದಳು. ತೆರೆದ ಬಾಯಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮಾಸ್ತರರಿಗೆ ಅದು ಕಾಣಲಿಲ್ಲ, ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಕೊಳ್ಳುತ್ತಿದ್ದರು.

ಕೊನೆಯ ಸಾಲಿನಲ್ಲಿ ನಬ್ಬೋಸಾ ಎದ್ದಳು. ಕಾಲೇಜಿನ ಸಭಾಂಗಣ ಗುಡಿಸಿ ಒರೆಸಿ ಥಳಥಳಿಸುತ್ತಿತ್ತು, ಮಣ್ಣಿನ ಕಣವೂ ಇರಲಿಲ್ಲ. ಆದರೂ ಅವಳು ಬಗ್ಗಿ ತನ್ನ ಎರಡೂ ಮೊಣಕಾಲುಗಳನ್ನು ಚೆನ್ನಾಗಿ ಒರೆಸಿಕೊಂಡು, ಕ್ಯಾಬಿರಿಯ ಮಧ್ಯಾಹ್ನದ ತರಗತಿಗೆ ತಡವಾಗದಂತೆ ಹೊರಗೆ ನಡೆದಳು.