ಅಕ್ಕನ ಕಿವಿಗೆ ಮಾಡಿಕೊಟ್ಟ ಆಂಪ್ಲಿಫೈಯರ್

ನನ್ನ ಅಕ್ಕನ ಕಿವಿ ಮಂದವಾದದ್ದು ವಯಸ್ಸಿನಿಂದಲ್ಲ, ಪವರ್‌ಲೂಮ್‌ಗಳಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವಳ ಗಂಡನ ಮನೆಯವರು ಇವತ್ತಿಗೂ ಒಪ್ಪುವುದಿಲ್ಲ. ಮದುವೆಯಾಗಿ ಬನಹಟ್ಟಿಗೆ ಹೋದಾಗಿನಿಂದ ಅವಳು ತಗಡಿನ ಶೆಡ್ಡಿನಲ್ಲಿ ಮಗ್ಗಗಳ ನಡುವೆ ನಿಂತವಳು. ಅಲ್ಲಿ ಮಾತಾಡಬೇಕಾದರೆ ಇನ್ನೊಬ್ಬರ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಭಾವ ತೀರಿಕೊಂಡ ಮೇಲೆ ಮಗ್ಗಗಳ ಯಜಮಾನಿಕೆ ಅವಳ ಮೈದುನನ ಕೈಗೆ ಹೋಯಿತು. ಗದ್ದಲ ಮಾತ್ರ ಅಕ್ಕನ ಪಾಲಿಗೆ ಉಳಿಯಿತು.

ಕಿವಿಯ ಡಾಕ್ಟರಿಗೆ ತೋರಿಸೋಣ ಎಂದು ನಾನು ಹೇಳಿದಾಗಲೆಲ್ಲ, ಅತ್ತಿಗೆಯನ್ನು ವೈನಿ ಎನ್ನುವ ಆ ಮೈದುನನ ಉತ್ತರ ಒಂದೇ. "ತೋರ್ಸೂನು ತಗೋರಿ, ಏನ ಅವಸರ ಐತಿ? ವೈನಿ ಕೆಲಸ ಮಾಡ್ಕೊಂಡ ಆರಾಮ ಅದಾರ."

ಆರಾಮವಂತೆ. ಅಕ್ಕ ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ಕೂತರೆ ಮನೆಯ ಸೊಸೆಯಂದಿರು ಅವಳ ಬೆನ್ನ ಹಿಂದೆಯೇ ಅವಳ ವಿಷಯ ಮಾತಾಡುತ್ತಿದ್ದರು. ಕೇಳದವರನ್ನು ಇಲ್ಲದವರಂತೆ ನೋಡುವುದು ಎಷ್ಟು ಸಲೀಸು!

ನಾನು ಜಮಖಂಡಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಡಾಕ್ಟರ ಹತ್ತಿರ ಹೋಗುವತನಕವಾದರೂ ಇರಲಿ ಎಂದು ಅಕ್ಕನಿಗೊಂದು ಸಣ್ಣ ಪೆಟ್ಟಿಗೆ ಮಾಡಿದೆ. ಒಂದು ಮೈಕು, ಒಂದು ಬ್ಯಾಟರಿ, ಅಂಗೈಯಗಲದ ಸ್ಪೀಕರ್, ಹೆಡ್‌ಫೋನ್ ಚುಚ್ಚಲು ಒಂದು ತೂತು, ಮತ್ತು ಇವನ್ನೆಲ್ಲ ನಡೆಸುವ, ಉಗುರಿಗಿಂತ ಚಿಕ್ಕದಾದ ಆಂಪ್ಲಿಫೈಯರ್ ಚಿಪ್. ಕೊಟ್ಟ ದಿನ ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇಷ್ಟ ಸಣ್ಣದು ನನ್ನ ಕಿವಿಗಿ ಹೆಂಗ ಕೇಳಸ್ತೈತಿ?" ಎಂದಳು.

ಸಾವಳಗಿ ಹತ್ತಿರ ಅಪ್ಪನ ಕಬ್ಬಿನ ಹೊಲವಿತ್ತು. ಪೈಪ್‌ಲೈನಿನ ವಾಲ್ವನ್ನು ಚಿಕ್ಕಂದಿನಲ್ಲಿ ನಾವೇ ತಿರುಗಿಸುತ್ತಿದ್ದೆವು. ಅವಳ ಕಿವಿಗೆ ಬಾಯಿ ಹಚ್ಚಿ ಅದನ್ನೇ ನೆನಪಿಸಿದೆ. "ವಾಲ್ವ್ ತಿರಗ್ಸಾಕ ಎಷ್ಟ ಶಕ್ತಿ ಬೇಕು? ನೀರಿನ ಜೋರು ನಿನ್ನ ಕೈಯಾಗಿಂದಲ್ಲ, ಮೋಟರಿಂದು. ಹಂಗ ಇದು. ಮಾತಿನ ಸಣ್ಣ ಕರೆಂಟು ವಾಲ್ವ್ ತಿರಗಸ್ತೈತಿ, ಜೋರು ಬ್ಯಾಟರಿದು."

ಚಿಪ್ಪಿನಲ್ಲಿ ಸ್ಪೀಕರಿಗೆ ಕರೆಂಟು ದೂಡುವ ಭಾಗ ಆ ವಾಲ್ವನ್ನು ಅರೆಬರೆ ತೆರೆದು ಹಿಡಿಯುವುದಿಲ್ಲ. ಹಿಡಿದರೆ ಬ್ಯಾಟರಿಯ ಬಹುಪಾಲು ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಮಾತಿನ ಅಲೆ ಏರಿದಾಗ ತೆರೆದಿರುವ ಹೊತ್ತು ಹೆಚ್ಚು, ಇಳಿದಾಗ ಕಡಿಮೆ. ಸ್ಪೀಕರಿನ ಹಾಳೆ ಅಷ್ಟು ಬೇಗ ಕುಣಿಯಲಾರದು, ಸರಾಸರಿಯನ್ನಷ್ಟೇ ಹಿಡಿಯುತ್ತದೆ. ಆ ಸರಾಸರಿಯೇ ನಮಗೆ ಮಾತಾಗಿ ಕೇಳುತ್ತದೆ. ಹೆಡ್‌ಫೋನಿಗೆ ಅದೇ ಚಿಪ್ಪಿನಲ್ಲಿ ಬೇರೆ ಭಾಗವಿದೆ. ಅದಕ್ಕೆ ಬಲ ಕಡಿಮೆ ಸಾಕು, ಆದರೆ ಕಿವಿಗೆ ಅಂಟಿಕೊಂಡು ಕೂಡ್ರುವುದರಿಂದ ಒಂಚೂರು ಕರಕರವೂ ಇರಬಾರದು. ಪಿನ್ನು ಚುಚ್ಚಿದ್ದು ಚಿಪ್ಪಿಗೆ ಗೊತ್ತಾಗುತ್ತದೆ. ಸ್ಪೀಕರನ್ನು ಸುಮ್ಮನಾಗಿಸಿ ಹೆಡ್‌ಫೋನನ್ನು ಎಬ್ಬಿಸುತ್ತದೆ. ಕಿತ್ತರೆ ಮತ್ತೆ ಸ್ಪೀಕರ್. ದನಿ ಒಂದು ಮಿತಿ ದಾಟಿದರೆ ತಾನೇ ತಗ್ಗಿಸುವಂತೆಯೂ ಮಾಡಿದ್ದೆ. ಅಕ್ಕನ ಕಿವಿಗೆ ಇನ್ನೊಂದು ಹೊಡೆತ ಬೀಳುವುದು ನನಗೆ ಬೇಕಿರಲಿಲ್ಲ.

ನಾಲ್ಕೈದು ವಾರ ಅವಳು ಅದರಲ್ಲಿ ಮೊಮ್ಮಕ್ಕಳ ಮಾತು ಕೇಳಿದಳು. ಮೊಬೈಲಿನ ಹಾಡು ಹಾಕಿಕೊಂಡಿದ್ದಾಳೆ ಎಂದು ಮನೆಯವರು ತಿಳಿದರು. ಏನದು ಎಂದು ಯಾರೂ ಕೇಳಲಿಲ್ಲ.

ಒಂದು ಭಾನುವಾರ ನಾನು ಅಲ್ಲಿದ್ದೆ. ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಅಕ್ಕ ಪಡಸಾಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು, ಪೆಟ್ಟಿಗೆ ಪಕ್ಕದಲ್ಲಿತ್ತು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಮೈದುನ ತನ್ನ ಮಗನ ಜೊತೆ ಬಂದು ಅವಳ ಮಗ್ಗುಲಲ್ಲೇ ಕೂತ. ಹೊಸದಾಗಿ ತಂದ ಮಗ್ಗಗಳನ್ನು ಒಳಶೆಡ್ಡಿನಲ್ಲಿ ಕೂಡಿಸಿದ್ದರು. ಅಲ್ಲಿ ಕಿಟಕಿಯಿಲ್ಲ, ಸದ್ದು ಗೋಡೆಗೆ ಬಡಿದು ದುಪ್ಪಟ್ಟಾಗುತ್ತಿತ್ತು. ಕೆಲಸದವರು ಒಬ್ಬರೂ ನಿಲ್ಲಲು ಒಪ್ಪಿರಲಿಲ್ಲ.

"ವೈನೀನ ನಿಂದ್ರಸೂನು," ಎಂದ ಮೈದುನ. "ಹೆಂಗೂ ಕಿವುಡಿ. ಇನ್ನೇನ ಕೆಡ್ತೈತಿ?"

ಮಗ ನಕ್ಕ. ನಾನು ಚಹಾದ ಪಾತ್ರೆ ಕೆಳಗಿಟ್ಟೆ. ನಾನು ಹೊರಗೆ ಬರುವಷ್ಟರಲ್ಲಿ ಅಕ್ಕ ಅವರೆಕಾಯಿಯ ಬುಟ್ಟಿ ಸರಿಸಿ, ಹೆಡ್‌ಫೋನಿನ ಪಿನ್ನು ಕಿತ್ತು, ಪೆಟ್ಟಿಗೆಯನ್ನು ಅವನ ಬಾಯಿಯ ಮುಂದೆ ಹಿಡಿದಿದ್ದಳು.

"ಇನ್ನೊಮ್ಮೆ ಅನ್ನು," ಎಂದಳು.

"ಏನ... ಏನ ಅಂದೆ ನಾ?" ಅವನ ತೊದಲು ಸ್ಪೀಕರಿನಿಂದ ದೊಡ್ಡದಾಗಿ ಹೊರಬಿತ್ತು. ಆ ದನಿ ಮತ್ತೆ ಮೈಕಿಗೆ ಹೊಕ್ಕು, ಮತ್ತೆ ದೊಡ್ಡದಾಗಿ, ಕೀ ಎಂದು ಒಂದೇ ಸಮ ಕಿರುಚತೊಡಗಿತು. ಒಳಗಿದ್ದ ಸೊಸೆಯಂದಿರು ಓಡಿಬಂದರು. ಅಕ್ಕ ಸ್ವಿಚ್ ಆರಿಸಿದಳು. ಆಮೇಲೆ ಯಾವ ಯಂತ್ರವೂ ಬೇಕಾಗದಷ್ಟು ಜೋರಾಗಿ ಮಾತಾಡಿದಳು.

"ಕಿವುಡಿ ಮಾಡಿದ್ದ ನಿಮ್ಮ ಶೆಡ್ಡು. ಉಳದಿದ್ದಿಷ್ಟೂ ಬೇಕೇನು ನಿನಗ? ನಾ ಆ ಶೆಡ್ಡಿಗಿ ಕಾಲ ಇಡಂಗಿಲ್ಲ. ನಿನ್ನ ಮಗನ್ನ ನಿಂದ್ರಸು. ಅವಂಗ ಕಿವಿ ಛಲೋ ಅದಾವು, ಎಷ್ಟ ದಿನ ಉಳಿತಾವ ನೋಡೂನು."

ನಾನೂ ಬಾಯಿ ತೆರೆದೆ. ಅಕ್ಕ ಕೈ ಎತ್ತಿ ತಡೆದಳು. "ನೀ ಸುಮ್ನಿರ ತಂಗಿ. ಈ ಸಿಟ್ಟು ನಂದು."

ಮರುದಿನವೇ ಬಸ್ಸಿನಲ್ಲಿ ಜಮಖಂಡಿಗೆ ಬಂದಳು. ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಸದ್ದಿನಿಂದ ದೂರ ಇರಬೇಕು ಎಂದರು. ಮೊದಲೇ ಯಾಕೆ ಬರಲಿಲ್ಲ ಎಂದೂ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಅಲ್ಲಿ ಬಾಯಿ ತೆರೆದಿದ್ದರೆ ಡಾಕ್ಟರ ಮೇಲೂ ರೇಗುತ್ತಿದ್ದೆ.

ಈಗ ಅವಳಿಗೆ ಕಿವಿಯ ಯಂತ್ರ ಬಂದಿದೆ. ಬನಹಟ್ಟಿಗೆ ಮರಳಿ, ಮಗ್ಗ ಬಿಟ್ಟು, ಹೊರಗಿನ ಕೋಣೆಯಲ್ಲಿ ನೇಯ್ದ ಸೀರೆಗಳ ಕುಂದು ನೋಡಿ ಮಡಿಸುವ ಕೆಲಸ ಮಾಡುತ್ತಾಳೆ. ಒಳಶೆಡ್ಡಿಗೆ ಹೊಸದಾಗಿ ಸೇರಿದ ಕೆಲಸದವರಿಗೆ ಕಿವಿ ಮುಚ್ಚುವ ಸಾಧನ ತರಿಸು ಎಂದು ಮೈದುನನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿದೆ. "ಕಿವಿ ಮುಚ್ಕೊಂಡ್ರ ಮಗ್ಗದ ಸದ್ದು ಕೆಟ್ಟಿದ್ದು ಹೆಂಗ ಗೊತ್ತಾಗ್ತೈತ್ರಿ?" ಎನ್ನುತ್ತಾನೆ. ನಾನು ಹೋದಾಗಲೆಲ್ಲ ಅವನು ನಗುತ್ತಾ "ಬರ್ರಿ, ಚಹಾ ತಗೋರಿ" ಎಂದು ಕರೆಯುತ್ತಾನೆ. ಅಕ್ಕ ಕುಡಿಯುತ್ತಾಳೆ, ಅದು ಅವಳ ಮನೆ. ಆ ಭಾನುವಾರದಿಂದ ಇದುವರೆಗೆ ನಾನು ಅಲ್ಲಿ ಒಂದು ಗುಟುಕೂ ಕುಡಿದಿಲ್ಲ.