ಬೀಗ ಬಿದ್ದ ಬೀದಿಗಳಲ್ಲಿ ಜುಂಜಮ್ಮ

ಬೆಟ್ಟದ ನೆತ್ತಿಗೆ ಬಿಸಿಲು ಹತ್ತಿದೆ, ಪೇಟೆ ಬೀದಿಗೆ ಇನ್ನೂ ಇಳಿದಿಲ್ಲ. ಯಾರ ಬಾಗಿಲಿಗೂ ನೀರು ಹಾಕಿಲ್ಲ, ರಂಗೋಲಿ ಇಲ್ಲ, ಒಂದು ಮನೆಯ ಸೂರಿನಿಂದಲೂ ಹೊಗೆ ಏಳುತ್ತಿಲ್ಲ. ಇಲಿ ಬಿತ್ತೆಂಬ ಸುದ್ದಿ ಹಬ್ಬಿದ್ದೇ ತಡ, ಮಧುಗಿರಿಯ ಜನ ಮನೆಗಳಿಗೆ ಬೀಗ ಜಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದಾರೆ. ಪ್ಲೇಗಮ್ಮ ಹೊರಟುಹೋಗುವ ತನಕ ಊರೆಂದರೆ ಬರೀ ಗೋಡೆ. ಆ ಗೋಡೆಗಳ ನಡುವೆ ತಲೆಯ ಮೇಲೆ ಅಂಬಲಿ ಗಡಿಗೆ, ಕಂಕುಳಲ್ಲಿ ಮಜ್ಜಿಗೆ ಮಡಕೆ ಹೊತ್ತು ಜುಂಜಮ್ಮ ಬರುತ್ತಿದ್ದಾರೆ. ಹಿಂದೆ ನಾನಿದ್ದೇನೆ. ನಿನ್ನೆ ಪ್ಲೇಗಿನ ಸೂಜಿ ಹಾಕಿಸಿಕೊಂಡ ತೋಳು ಇನ್ನೂ ಕಡಿಯುತ್ತಿದೆ.

ಜುಂಜಮ್ಮ ಬೆಕ್ಕುಗಳನ್ನು ಕೂಗಿ ಕರೆಯುವುದಿಲ್ಲ. ಕೈಯ ಹಿತ್ತಾಳೆ ಕಡಗದಿಂದ ಮಡಕೆಯ ಕಂಠಕ್ಕೆ ಒಂದು ಸಲ ತಟ್ಟುತ್ತಾರೆ, ಅಷ್ಟೇ. ಹೆಂಚಿನ ಮೇಲಿಂದ, ಬೆಳಕಿಂಡಿಯಿಂದ, ಹಿತ್ತಲ ಗೋಡೆಯಿಂದ ಬೆಕ್ಕುಗಳು ಇಳಿದು ಬರುತ್ತವೆ. ಪ್ರತಿ ಜಗಲಿಯ ಮೇಲೂ ಒಂದೊಂದು ಕರಟ ಕವುಚಿಟ್ಟಿದೆ. ಅದನ್ನು ತಿರುಗಿಸಿ ಮಜ್ಜಿಗೆ ಸುರಿದು ಮುಂದಿನ ಮನೆಗೆ ಹೋಗುತ್ತಾರೆ. ಪತ್ರಿಕೆಯವರ ಚಾಳಿ ಬಿಡುತ್ತದೆಯೇ, ಒಟ್ಟು ಎಷ್ಟು ಬೆಕ್ಕುಗಳಿವೆ ಎಂದು ಕೇಳಿದೆ. "ಬೆಕ್ಕ ಯಾರಾನ ಎಣಿಸ್ತಾರೇನಪ್ಪ? ಒಂದು ಹೊರಕ್ಕೆ ಬಂದ್ರೆ ಅದ್ರ ಹೊಟ್ಟೇಲಿ ನಾಕು ಇರ್ತವೆ" ಎಂದು ನಕ್ಕರು.

ದರ್ಜಿ ಸಂಜೀವಯ್ಯನವರ ಮನೆಯ ಮುಂದೆ ಆ ನಗು ನಿಂತುಹೋಯಿತು. ಜಗಲಿಯ ಮೇಲೆ ಒಂದು ಕೆಂದು ನಾಯಿ ಮಲಗಿದೆ. ಮೂತಿ ಹೊಸ್ತಿಲಿಗೆ ಒತ್ತಿದೆ. ಹಿಂದಿನ ದಿನ ಇಟ್ಟ ಅಂಬಲಿ ಹಾಗೇ ಕೆನೆಗಟ್ಟಿದೆ. ಜುಂಜಮ್ಮ ಕೂತು ಬೆನ್ನು ಸವರಿದರು. ನಾಯಿ ಕಣ್ಣು ಬಿಡಲಿಲ್ಲ. ಹೆಸರು ಕೆಂಚಿ. ನಿನ್ನೆ ನಾಯಿಗಳನ್ನು ಕೂಡಿಟ್ಟಿರುವ ಲಾಯದಿಂದ ತಪ್ಪಿಸಿಕೊಂಡು ಬಂದದ್ದು ಅಲ್ಲಾಡುತ್ತಿಲ್ಲ, ಎತ್ತಲು ಹೋದರೆ ಹಲ್ಲು ಕಿರಿಯುತ್ತದೆ. ಊರು ಖಾಲಿಯಾದ ಮೇಲೆ ಕತ್ತಲಾಗುತ್ತಲೇ ಬೆಟ್ಟದ ಚಿರತೆ ಬೀದಿಗಿಳಿಯುತ್ತದೆ. ನಿನ್ನೆ ಹೇಗೋ ಉಳಿದಿದೆ. "ಇವತ್ತು ಹೊತ್ತು ಮುಳುಗೋದ್ರೊಳ್ಗೆ ಇವ್ಳು ಎದ್ದು ಬರ್ಬೇಕು. ಇಲ್ದಿದ್ರೆ ನಾಳೆ ಬರಿ ಜಗಲಿ ಕಣಪ್ಪ" ಎಂದರು ಜುಂಜಮ್ಮ.

ಹೊರಗಿನವರಿಗೆ ಪ್ಲೇಗೆಂದರೆ ಸಾವು. ಆ ಊರಿನಲ್ಲೇ ಹುಟ್ಟಿದ ನನ್ನಂಥವರಿಗೆ, ಪಾಪವೆನಿಸಿದರೂ ಹೇಳುತ್ತೇನೆ, ಅದು ಬಾಲ್ಯದ ದೊಡ್ಡ ರಜೆ. ಶಾಲೆ ಇಲ್ಲ, ಲೆಕ್ಕದ ಮೇಷ್ಟ್ರೂ ಪಕ್ಕದ ಗುಡಿಸಲಲ್ಲೇ ಪಂಚೆ ಎತ್ತಿಕಟ್ಟಿ ಸೌದೆ ಒಡೆಯುತ್ತಿರುತ್ತಾರೆ. ಮೂರು ಕಲ್ಲಿನ ಒಲೆಯ ಮೇಲೆ ಅಮ್ಮ ಮಾಡಿದ ಅವರೆಕಾಳಿನ ಹುಳಿಗೆ ಹೊಗೆಯ ಘಮ. ಸೋಗೆಯ ಸಂದಿಯಿಂದ ನಕ್ಷತ್ರ. ಆ ರುಚಿ ಆಮೇಲೆ ಯಾವ ಊಟದಲ್ಲೂ ಸಿಕ್ಕಲಿಲ್ಲ. ಒಂದೇ ಕೊರಗಿತ್ತು. ದನಕರು ನಮ್ಮ ಜೊತೆ ಬರುತ್ತಿದ್ದವು, ಬೆಕ್ಕು ಮಾತ್ರ ಮನೆ ಬಿಟ್ಟು ಬರುತ್ತಿರಲಿಲ್ಲ. ನಾಯಿಯನ್ನು ಕರೆದುಕೊಂಡು ಹೋದರೆ ನಾಯಿಯ ಆಸೆಗೆ ಚಿರತೆ ಗುಡಿಸಲಿನ ತನಕ ಬರುತ್ತಿತ್ತು. ಆದ್ದರಿಂದ ದೊಡ್ಡವರು ಮುಖ ತಿರುಗಿಸಿಕೊಂಡು ಅವನ್ನು ಬಿಟ್ಟು ನಡೆಯುತ್ತಿದ್ದರು. ನಮ್ಮಜ್ಜಿ ತಿಂಗಳುಗಟ್ಟಲೆ ಬೆಕ್ಕಿನ ಹೆಸರು ಹೇಳಿಕೊಂಡು ಅಳುತ್ತಿದ್ದರು.

ಊರ ಹೊರಗಿನ ಗೊಲ್ಲರಹಟ್ಟಿಯ ಜುಂಜಮ್ಮ ಆಗ ಪ್ರಾಯದ ಹೆಂಗಸು, ಪೇಟೆಗೆ ಮಜ್ಜಿಗೆ ಮಾರಲು ಬರುತ್ತಿದ್ದವರು. ಒಂದು ಪ್ಲೇಗಿನಲ್ಲಿ ಊರು ಬಿಟ್ಟದ್ದು ಗೊತ್ತಿಲ್ಲದೆ ಮಡಕೆ ಹೊತ್ತು ಬಂದರಂತೆ. ಕೊಳ್ಳುವವರಿಲ್ಲ. ಒಂದು ಮನೆಯೊಳಗಿಂದ ಬೆಕ್ಕಿನ ಕೂಗು. ಬಾಗಿಲ ಕೆಳಗಿನ ಸಂದಿಯಲ್ಲಿ ಮಜ್ಜಿಗೆ ಸುರಿದರು, ಒಳಗಿಂದ ನೆಕ್ಕುವ ಸದ್ದು ಕೇಳಿತು. ಮಾರನೆಯ ದಿನ ಊರಿನಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೇ ಬಂದರು. ಅವತ್ತಿನಿಂದ ಯಾವ ಪ್ಲೇಗಿನಲ್ಲೂ ತಪ್ಪಿಸಿಲ್ಲ.

ಆಮೇಲೆ ಇಬ್ಬರು ಕೂಡಿಕೊಂಡರು. ಕೋರ್ಟಿನಲ್ಲಿ ಜವಾನರಾಗಿ ನಿವೃತ್ತರಾದ ನಾಗಲಿಂಗಯ್ಯನವರನ್ನು ನಂಬಿ ಊರವರು ಮನೆಯ ಬೀಗದ ಕೈ ಕೊಟ್ಟು ಹೋಗುತ್ತಾರೆ. ಒಳಗೆ ಸಿಕ್ಕಿಕೊಂಡ ಬೆಕ್ಕನ್ನೋ ಗಿಳಿಯನ್ನೋ ಅವರೇ ಬಿಡಿಸುತ್ತಾರೆ. ಜವಳಿ ಅಂಗಡಿ ಮನೆತನದ ಜಗದಾಂಬನವರು ಅಂಬಲಿಗೆ ರಾಗಿ ಒದಗಿಸಿ, ಬೇಯಿಸುತ್ತಾರೆ ಕೂಡ. ಯುದ್ಧ ಮುಗಿದರೂ ಕಾಳಿಗೆ ಕಂಟ್ರೋಲು ಮುಗಿದಿಲ್ಲ. ಸಾಲದ್ದಕ್ಕೆ ಪಾವಗಡದ ಕಡೆಯ ಗಾಡಿಯವರನ್ನು ಕಾಡಿ ಬೇಡಿ ಹೊಟ್ಟು ತೌಡು ಇಳಿಸಿಕೊಳ್ಳುತ್ತಾರೆ. ಇವರ ಗುಂಪಿಗೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಊರವರು ಹಾಸ್ಯಕ್ಕೆ ಬೆಕ್ಕಿನ ಸಂಘ ಎನ್ನುತ್ತಾರೆ. ಮನುಷ್ಯರಿಗೇ ಗತಿಯಿಲ್ಲ, ಇವರದೊಂದು ಎಂದು ಮೂಗು ಮುರಿಯುವವರೂ ಉಂಟು. ಅವರ ಮನೆಯ ಕರಟಕ್ಕೂ ಮಜ್ಜಿಗೆ ಬೀಳುತ್ತದೆ.

ನಾಯಿಗಳಿಗೆ ಬೆಟ್ಟದ ಬುಡದ ಹಳೆಯ ಕುದುರೆ ಲಾಯವೇ ಮನೆ. ಕಲ್ಲಿನ ಗೋಡೆ, ಬಾಗಿಲಿಗೆ ಜಾಲಿಮುಳ್ಳಿನ ಬೇಲಿ, ಚಿರತೆ ಒಳಗೆ ಬರುವ ಹಾಗಿಲ್ಲ. ನಾಯಿ ಒಪ್ಪಿಸುವವರಿಗೆ ಜುಂಜಮ್ಮ ಹಾಕುವುದು ಒಂದೇ ಷರತ್ತು: ಮೈಮೇಲಿನ ಹಳೆಯ ಬಟ್ಟೆಯೊಂದನ್ನು ಒಗೆಯದೆ ಕೊಟ್ಟುಹೋಗಬೇಕು. ಆ ಬಟ್ಟೆಯ ಮೇಲೆ ಮಲಗಿದರೆ ನಾಯಿ ಊಳಿಡುವುದಿಲ್ಲ, ಓಡುವುದಿಲ್ಲ. ಇದು ಕುರಿಮಂದೆಯಲ್ಲಿ ಕಲಿತ ವಿದ್ಯೆ. ತಾಯಿ ಸತ್ತ ಮರಿಗೆ ಬೇರೆ ಕುರಿ ಹಾಲು ಕೊಡದಿದ್ದರೆ, ಆ ಕುರಿಯ ಸ್ವಂತ ಮರಿಯ ಮೈ ಒರೆಸಿದ ಬಟ್ಟೆಯನ್ನೇ ತಬ್ಬಲಿಯ ಮೈಗೂ ತಿಕ್ಕುತ್ತಾರಂತೆ. "ಕಣ್ಣು ಮೋಸ ಮಾಡ್ತದೆ, ಮೂಗು ಮಾಡಾಕಿಲ್ಲ" ಎಂದು ಜುಂಜಮ್ಮ ಹೇಳುತ್ತಾರೆ.

ಅವಾಂತರವಾದದ್ದು ಅಲ್ಲೇ. ಜಗದಾಂಬನವರದು ಮೊದಲಿನಿಂದ ಶುಚಿಯ ಕೈ, ಒಗೆಯದ ಬಟ್ಟೆ ಅವರ ಹೊಸ್ತಿಲು ದಾಟಿದ್ದಿಲ್ಲ. ಅದರ ಮೇಲೆ ಈ ಸಲ ಆರೋಗ್ಯ ಇಲಾಖೆಯವರು, ಬಟ್ಟೆಬರೆ ಕುದಿಸಿ ಒಗೆಯಿರಿ ಎಂದು ತಮಟೆ ಹೊಡೆಸಿದ್ದಾರೆ. ನಿನ್ನೆ ಜುಂಜಮ್ಮ ಗುಡಿಸಲುಗಳ ಕಡೆ ಹೋಗಿದ್ದಾಗ, ಲಾಯದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಚೌಳುಮಣ್ಣಿನಲ್ಲಿ ಕುದಿಸಿ, ಅಂಟುವಾಳ ಹಾಕಿ ಒಗೆದು, ಬಂಡೆಯ ಮೇಲೆ ಹರವಿಬಿಟ್ಟರು. ಜುಂಜಮ್ಮನಿಗೆ ಕೆಲಸ ಹಗುರವಾಗಲಿ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಸಂಜೆಯೊಳಗೆ ಲಾಯ ಪೂರಾ ಊಳಿಡತೊಡಗಿತು. ಜುಂಜಮ್ಮ ಗುಡಿಸಲು ಗುಡಿಸಲಿಗೆ ಓಡಿ ಬೆವರಿನ ಅಂಗಿ, ರವಿಕೆ, ಟವೆಲ್ಲು ಬೇಡಿ ತಂದರು. ಉಳಿದವು ಹೇಗೋ ಸುಮ್ಮನಾದವು. ಕೆಂಚಿಗೆ ಮಾತ್ರ ತರಲು ಏನೂ ಇರಲಿಲ್ಲ. ಬೇಲಿಯ ಸಂದಿಯಲ್ಲಿ ನುಸುಳಿ ಹೋಯಿತು.

ಏಕೆಂದರೆ ಕೆಂಚಿಯ ಬಟ್ಟೆ ಗಂಗಲಕ್ಷ್ಮಮ್ಮನವರ ಸೀರೆ. ಸಂಜೀವಯ್ಯನವರ ಹೆಂಡತಿ ಅವರು, ಹೋದ ವರ್ಷ ಚಳಿಜ್ವರದಲ್ಲಿ ತೀರಿಕೊಂಡರು. ಸತ್ತವರ ಬಟ್ಟೆಯನ್ನೆಲ್ಲ ಅಗಸರಿಗೆ ಕೊಟ್ಟಾಗ, ಜ್ವರ ಬರುವ ಮುಂಚಿನ ದಿನ ಉಟ್ಟು ಬಿಚ್ಚಿಟ್ಟಿದ್ದ ಒಂದನ್ನು ಸಂಜೀವಯ್ಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದರು. ನಾಯಿ ಬೇರೆ ಯಾವುದರ ಮೇಲೂ ಮಲಗದೆಂದು, ಎದೆ ಗಟ್ಟಿ ಮಾಡಿಕೊಂಡು ಅದನ್ನೇ ಕೊಟ್ಟಿದ್ದರು. ವಿಷಯ ಜುಂಜಮ್ಮನಿಗೆ ಮಾತ್ರ ಗೊತ್ತಿತ್ತು, ಇನ್ನೊಬ್ಬರ ಮನೆಯ ನೋವೆಂದು ಅವರು ಬಾಯಿ ಬಿಟ್ಟಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ಜುಂಜಮ್ಮ ಗುಡಿಸಲುಗಳ ಕಡೆ ಹೊರಡುತ್ತಾರೆ. ಇದೂ ದಿನದ ಕೆಲಸವೇ. ಅಲ್ಲಿ ಅವರನ್ನು ಕಂಡ ಕೂಡಲೇ ಹೆಂಗಸರು ಸುತ್ತಿಕೊಳ್ಳುತ್ತಾರೆ. ಮನೆಯ ಬೀಗ ಹೇಗಿದೆ ಎಂದು ಕೇಳುವವರು ಕಡಿಮೆ, ಬೆಕ್ಕು ಮರಿ ಹಾಕಿತೇ ಎಂದು ಕೇಳುವವರೇ ಹೆಚ್ಚು. ಒಬ್ಬೊಬ್ಬರಿಗೂ ಅವರವರ ಪ್ರಾಣಿಯ ಸುದ್ದಿ ಹೇಳಿ, ಕಾಲು ಊದಿದ ಎಮ್ಮೆಗೆ ಪಟ್ಟು ಹಾಕಿ, ಮಜ್ಜಿಗೆ ಕೊಟ್ಟು ಬರುತ್ತಾರೆ. ಇವತ್ತು ಜೊತೆಯಲ್ಲಿ ಜಗದಾಂಬನವರೂ ಇದ್ದಾರೆ. ಈ ಸುದ್ದಿಯನ್ನು ತಾನೇ ಹೇಳಬೇಕೆಂದು ಹಟ ಹಿಡಿದು ಬಂದಿದ್ದಾರೆ. ಕೈಯಲ್ಲಿ ಮಡಿಚಿದ ಸೀರೆ.

ಹೇಳಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ಸಂಜೀವಯ್ಯ ಸೀರೆ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡರು. ಆಮೇಲೆ ಗಿರಾಕಿಯ ಬಟ್ಟೆ ಮಡಿಸುವಂತೆ ಅಂಚಿಗೆ ಅಂಚು ಸೇರಿಸಿ ಮಡಿಸಿದರು.

"ಅವಳ ವಾಸ್ನೆ ಇದೊಂದ್ರಾಗೆ ಉಳ್ದಿತ್ತು ತಾಯಿ" ಎಂದರು.

ಜಗದಾಂಬನವರು ಗುಡಿಸಲ ಮುಂದಿನ ಮಣ್ಣಿನಲ್ಲೇ ಕುಸಿದು ಕೂತುಬಿಟ್ಟರು. ಚಾಪೆಯಿಲ್ಲದೆ ಕೂತವರಲ್ಲ ಆಕೆ. ನಾನು ಎತ್ತಲೋ ನೋಡುತ್ತಾ ನಿಂತೆ. ಆ ಮನುಷ್ಯ ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು, ಬೈಯಲಿಲ್ಲ. ಜುಂಜಮ್ಮನೇ ಮುಂದೆ ಬಂದರು.

"ಹೋದದ್ದು ಹೋಯ್ತು ಸಂಜೀವಣ್ಣ, ನಾಯಿ ಇನ್ನೂ ಐತೆ. ಹೊತ್ತಿರಾಗ್ಲೇ ಎದ್ದು ಬಾ."

ನಾನು ಬಂದರೂ ಪ್ರಯೋಜನವಿಲ್ಲ ಎಂದು ಸಂಜೀವಯ್ಯ ತಲೆಯಾಡಿಸಿದರು. ಅದು ಅವಳ ನಾಯಿ, ನನ್ನದಲ್ಲ. ಅವಳು ಹೋದ ಮೇಲೆ ಒಂದು ದಿನವೂ ನನ್ನ ಕೈಯಿಂದ ತುತ್ತು ತಿಂದಿಲ್ಲ, ಸೀರೆಯ ಪಕ್ಕ ಇಟ್ಟರೆ ಮಾತ್ರ ತಿನ್ನುತ್ತಿತ್ತು ಎಂದರು. ಆದರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

ಇಳಿಹೊತ್ತಿನ ಬೀದಿಯಲ್ಲಿ ನಾವು ನಿಂತಿದ್ದೇವೆ. ನಾಗಲಿಂಗಯ್ಯನವರು ಚಿರತೆ ಬಂದರೆ ಬಡಿಯಲೆಂದು ಹಳೆಯ ತಗಡಿನ ಡಬ್ಬ ತಂದಿದ್ದಾರೆ. ಸಂಜೀವಯ್ಯ ತಮ್ಮದೇ ಮನೆಯ ಜಗಲಿಯ ಮೇಲೆ ನೆಂಟರ ಮನೆಯಲ್ಲಿ ಕೂರುವಂತೆ ಅಂಚಿನಲ್ಲಿ ಕೂತು, ಅಂಬಲಿಯ ಕರಟ ಚಾಚಿ, ಕೆಂಚಿ ಕೆಂಚಿ ಎಂದು ಕರೆಯುತ್ತಿದ್ದಾರೆ. ನಾಯಿ ಹೊಸ್ತಿಲಿನಿಂದ ಮೂತಿ ಎತ್ತುತ್ತಿಲ್ಲ. ಟವೆಲ್ಲು ಹತ್ತಿರ ಹಿಡಿದರು, ಮೂಸಿ ಮುಖ ತಿರುಗಿಸಿತು. ಬೆಟ್ಟದ ಮೇಲಿನ ಬಿಸಿಲು ಮೇಲಕ್ಕೆ ಸರಿಯುತ್ತಾ ಹೋಯಿತು. ಜುಂಜಮ್ಮ ಎರಡು ಸಲ ಬೆಟ್ಟದ ಕಡೆ ನೋಡಿದರು.

ಗಂಗಲಕ್ಷ್ಮಮ್ಮ ಪಾವಗಡದ ಆಚೆಯ ಹೆಣ್ಣು. ಕನ್ನಡ ತೆಲುಗು ಕಲಸಿ ಆಡುವವರು, ಸಿಟ್ಟು ಬಂದರೆ ಪೂರಾ ತೆಲುಗು. ನಾಯಿಯನ್ನು ಮುದ್ದು ಮಾಡುವುದೂ ತೆಲುಗಿನಲ್ಲೇ. ಸಂಜೀವಯ್ಯ ಹೆಂಡತಿಯ ಆ ಮಾತನ್ನು ಅಣಕಿಸುತ್ತಲೇ ಸಂಸಾರ ಮಾಡಿದವರು, ತಾವು ಒಂದು ತೆಲುಗು ಶಬ್ದ ಆಡಿದವರಲ್ಲ. ಈಗ ಅವರು ಗಂಟಲು ಸರಿಮಾಡಿಕೊಂಡರು. ನಮ್ಮ ಕಡೆ ಒಮ್ಮೆ ನೋಡಿ, ನಾಚಿಕೆಯಿಂದಲೋ ಏನೋ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಹೆಂಡತಿಯ ರಾಗದಲ್ಲೇ ಕರೆದರು.

"ದಾ ಕೆಂಚೀ, ಬುವ್ವ ತಿಂದುವು ದಾ."

ಬಾ, ಊಟ ಮಾಡುವೆಯಂತೆ ಬಾ, ಎಂದು ಅರ್ಥ. ಕೆಂಚಿಯ ಕಿವಿ ನೆಟ್ಟಗಾಯಿತು. ದಡಕ್ಕನೆ ಎದ್ದು ಬಾಗಿಲನ್ನೇ ನೋಡಿತು. ಬೀಗ ಬಿದ್ದ ಬಾಗಿಲು ತೆರೆಯಲಿಲ್ಲ. ಸಂಜೀವಯ್ಯ ಮತ್ತೆ ಕರೆದರು, ಈ ಸಲ ಸ್ವರ ಒಡೆದುಹೋಯಿತು. ನಾಯಿ ನಿಧಾನವಾಗಿ ತಿರುಗಿ ಅವರ ಮುಖವನ್ನು ನೋಡಿತು, ಬಾಯಿಯ ಹತ್ತಿರ ಬಂದು ಮೂಸಿತು. ಆಮೇಲೆ ಅವರ ಕೈಯಲ್ಲಿದ್ದ ಕರಟಕ್ಕೆ ಮೂತಿ ಇಟ್ಟಿತು. ಸಂಜೀವಯ್ಯ ಬಿಕ್ಕಿ ಬಿಕ್ಕಿ ಅತ್ತರು. ವರ್ಷವಾದರೂ ಆ ಮನುಷ್ಯ ಅತ್ತದ್ದನ್ನು ಊರವರು ಕಂಡಿರಲಿಲ್ಲವಂತೆ. ನನಗೂ ಕಣ್ಣು ತುಂಬಿತು, ಬರೆಯಲು ಸಂಕೋಚವೇನೂ ಇಲ್ಲ.

ಕತ್ತಲಿಗೆ ಮುಂಚೆ ಕೆಂಚಿ ಅವರ ಹಿಂದೆಯೇ ಲಾಯದ ತನಕ ನಡೆದು ಬಂತು. ಸಂಜೀವಯ್ಯ ಮೈಮೇಲಿನ ಅಂಗಿ ಬಿಚ್ಚಿ ಹಾಸಿ, ಬರಿಮೈಯಲ್ಲಿ ಅದರ ಪಕ್ಕ ಕೂತರು. ಜಗದಾಂಬನವರು ಇನ್ನೊಂದು ಮೂಲೆಯಲ್ಲಿ ಅಂಬಲಿ ಕಲಕುತ್ತಿದ್ದರು. ನಾಯಿಗಳ ಕೊಳಕು ಬಟ್ಟೆಯೊಂದು ಅವರ ಕಾಲಿಗೆ ಸಿಕ್ಕಿತು. ಬಗ್ಗಿ ಎತ್ತಿ, ಒಂದು ಗಳಿಗೆ ಕೈಯಲ್ಲೇ ಹಿಡಿದು, ಕೊಡವದೆ ಮೊದಲಿದ್ದ ಜಾಗದಲ್ಲೇ ಹಾಸಿದರು.

ಹೊರಡುವ ಮುಂಚೆ ಜುಂಜಮ್ಮನನ್ನು ಕೇಳಿದೆ, ಸರ್ಕಾರದವರಿಂದ, ಊರವರಿಂದ ನಿಮಗೆ ಏನಾಗಬೇಕು, ಪತ್ರಿಕೆಯಲ್ಲಿ ಹಾಕುತ್ತೇನೆ ಎಂದು. ಅವರು ಗಡಿಗೆ ತೊಳೆಯುತ್ತಿದ್ದರು. ಮಜ್ಜಿಗೆ, ರಾಗಿ ಹೇಗೋ ನಡೆಯುತ್ತದೆ ಎಂದರು. ಆಮೇಲೆ ಲಾಯದ ಹಿಂಭಾಗವನ್ನು ತೋರಿಸಿದರು. ಅಲ್ಲಿ ಮೂರು ನಾಲ್ಕು ನಾಯಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅವುಗಳ ಕೆಳಗೆ ಯಾವ ಬಟ್ಟೆಯೂ ಇರಲಿಲ್ಲ. ಬಟ್ಟೆ ಕೊಡಬೇಕಾದವರು ಹಿಂದಿನ ಪ್ಲೇಗಿನಲ್ಲೇ ಹೋಗಿಬಿಟ್ಟಿದ್ದರು.

"ಇಷ್ಟು ಬರ್ಕೋ ಸಾಕು. ನಾನು ಸತ್ಮೇಲೆ ನನ್ನ ಸೀರೇನ ಯಾರೂ ಒಗೀಬ್ಯಾಡಿ, ಅಗಸ್ರಿಗೂ ಹಾಕ್ಬ್ಯಾಡಿ. ಅಗೋ, ಆ ಮೂಲೇಲಿ ಹಾಸ್ಬುಡಿ."