ಮರಳಿನ ಮೇಲಿನ ತೆಪ್ಪ

ಗೋಪಿನಾಥಂ ದಾಟಿ ಕಾವೇರಿಯ ದಡಕ್ಕೆ ಬಂದಿದ್ದೇವೆ. ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ಇಬ್ಬರಿಗೂ ತೆಪ್ಪದಲ್ಲಿ ಕೂರಲೇಬೇಕೆಂಬ ಹಟ. ಇಷ್ಟು ಚಿಕ್ಕ ಮಕ್ಕಳಿಗೆ ಯಾವ ತೆಪ್ಪ ಒಳ್ಳೆಯದೆಂದು ನಾನು ಒಂದೊಂದನ್ನೂ ಕಲ್ಲಂಗಡಿ ಕೊಳ್ಳುವವನಂತೆ ತಟ್ಟಿ ನೋಡಿದೆ. ಕೊನೆಗೆ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದ್ದ ಅಗಲವಾದ ತೆಪ್ಪವೊಂದನ್ನು ಆರಿಸಿದೆ.

ಅದನ್ನು ನಡೆಸುವ ಮಾದಮ್ಮ ತೆಪ್ಪವನ್ನು ನೀರಿಗಿಳಿಸಲೇ ಇಲ್ಲ. ಮರಳಿನ ಮೇಲಿಟ್ಟು, "ಎಲ್ರೂ ಒಳಗ ಕೂತ್ಕಳಿ ಸಾ. ನೀರ್ಗ ಆಮೇಲ ಓಗಣ" ಎಂದರು. ಪುಟ್ಟ ಮಕ್ಕಳನ್ನು ಕರೆತಂದವರನ್ನೆಲ್ಲ ಅವರು ಮೊದಲು ಹೀಗೇ ಕೂರಿಸುತ್ತಾರಂತೆ. ನಾವು ನಾಲ್ವರೂ ಕೂತೆವು. ಮಾದಮ್ಮ ಅಂಚು ಹಿಡಿದು ಜೋರಾಗಿ ಕುಲುಕಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಂಡತಿ ಇಬ್ಬರನ್ನೂ ತಬ್ಬಿಕೊಂಡು ಕೂತಲ್ಲೇ ಕೂತಿದ್ದಳು. ಅವರನ್ನು ನೋಡಿ ಮೆಚ್ಚಿ ತಲೆದೂಗಿದ ಮಾದಮ್ಮ ನನ್ನ ಕಡೆ ತಿರುಗಿದರು.

"ನೀವು ಎದ್ದು ನಿಂತ್ಬುಟ್ರಲ್ಲ ಸಾ! ನೀರ್ಲಿ ಇಂಗ್ ಮಾಡುದ್ರ ಎಲ್ಲಾರ್ನೂವೆ ಮಗುಚಾಕ್ಬುಡ್ತೀರಿ. ನೀವು ಇಲ್ಲೇ ಇರಿ."

ಗಿರಾಕಿಯನ್ನೇ ಇಷ್ಟು ನಿರ್ದಾಕ್ಷಿಣ್ಯವಾಗಿ ಕೆಳಗಿಳಿಸುವವರ ಕೈಗೆ ಮಕ್ಕಳನ್ನು ಒಪ್ಪಿಸಲು ನನಗೆ ಎಳ್ಳಷ್ಟೂ ಅಳುಕಾಗಲಿಲ್ಲ. ಮೂವರ ಚಪ್ಪಲಿ ಕಾಯುತ್ತಾ, ಬಂಡೆಯ ಮೇಲೆ ಕೂತು, ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ತೆಪ್ಪ ನದಿಯ ನಡುವೆ ಬುಗುರಿಯಂತೆ ತಿರುಗುತ್ತಿದೆ. ಮಾದಮ್ಮನ ಹುಟ್ಟು ಒಮ್ಮೆ ನೀರು ಮುಟ್ಟಿದರೆ ಸಾಕು, ಅದು ಪಕ್ಕನೆ ನಿಲ್ಲುತ್ತದೆ. ಮಕ್ಕಳು ಇನ್ನೊಮ್ಮೆ ಎಂದು ಕಿರುಚುತ್ತಾರೆ.

ಅಲ್ಲಿಂದಲೇ ಮಗಳು ಕೂಗಿದಳು: "ಅಪ್ಪಾ, ಕೂತ್ಕೋ!"

ನೋಡಿದರೆ, ನಾನು ಮತ್ತೆ ಎದ್ದು ನಿಂತಿದ್ದೇನೆ.